ಕೆರೆಗೆ ನಲವತ್ತು ಹೆಜ್ಜೆ

ಸರಿಪಾದನಿಗೆ ಬಂದೂಕು ಅಂದ್ರೆ ಎಷ್ಟು ಭಯ ಅಂತೀರಾ, ಪೊಲೀಸಿನವನ ಚಿತ್ರ ಇದ್ದ ಕ್ಯಾಲೆಂಡರನ್ನ ಗೋಡೆ ಕಡೆ ಮುಖ ಮಾಡಿ ತೂಗುಹಾಕಿದ್ದ. ತಾರೀಕು ಬೇಕಾದ್ರೆ ಪಕ್ಕದ ಮನೆಗೆ ಹೋಗಿ ಕೇಳ್ಕೊಂಡು ಬರ್ತಿದ್ದ. ಲನಾವ್ ಕೆರೆ ಸುತ್ತ ಬದುಕೋ ಮನುಷ್ಯನಿಗೆ ಇದು ಸಣ್ಣ ಕಾಯಿಲೆ ಅಲ್ಲ. ಅಲ್ಲಿ ರಸ್ತೆ ತಿರುವಿಗೊಂದು ಗೇಟು. ಒಂದು ಗೇಟಲ್ಲಿ ಸೈನಿಕರ ಬಂದೂಕು, ಮುಂದಿನದ್ರಲ್ಲಿ ಯಾವುದೋ ಮನೆತನದೋರ ಬಂದೂಕು, ಅದರಾಚೆಗಿನದು ಯಾರದು ಅಂತ ಕೇಳೋ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಅವನದು ಜೀಪ್ನಿ, ಅಂದ್ರೆ ಬೆಂಚು ಹಾಕಿದ ಉದ್ದನೆ ಬಾಡಿಗೆ ಜೀಪು, ಓಡಿಸೋ ಕೆಲಸ. ಹದಿಮೂರು ವರ್ಷದ ಹಿಂದೆ ಒಂದಿನ ಟೈರು ಢಮಾರ್ ಅಂದಿದ್ದಕ್ಕೆ, ಹದಿನಾಲ್ಕು ಜನ ಪ್ರಯಾಣಿಕರನ್ನ ಗಾಡೀಲೇ ಬಿಟ್ಟು ಓಡಿಹೋಗಿ ಕೆರೇಲಿ ಕುತ್ತಿಗೆ ಮಟ್ಟ ನಿಂತ್ಬಿಟ್ಟಿದ್ದ. ಪ್ರಯಾಣಿಕರೇ ಇಳಿದು ಟೈರು ಬದಲಾಯಿಸಿ, ದಡದಲ್ಲಿ ನಿಂತು ಅವನನ್ನ ಹೆಸರು ಹಿಡಿದು ಕರೆದ್ರು. ಅಷ್ಟೊತ್ತಿಗೆ ಅವನ ತಲೆ ಮೇಲೆ ಒಂದು ಬಾತುಕೋಳಿ ಬಂದು ಕೂತಿತ್ತಂತೆ. ಕೋಳಿ ಕೂತಿದ್ದು ನಿಜ, ಮೊಟ್ಟೆ ಇಟ್ಟಿದ್ದು ಮಾತ್ರ ಜನ ಸೇರಿಸಿದ್ದು. ಅವತ್ತಿಂದ ಅವನ ಜೀಪ್ನಿ ಊರು ಬಿಟ್ಟು ಹೋಗಿರಲಿಲ್ಲ. ಸಂತೆಯಿಂದ ಮಸೀದಿ, ಮಸೀದಿಯಿಂದ ಸಂತೆ, ಎರಡೇ ಮೈಲಿ. ಸ್ಟೇರಿಂಗ್ ಬಿಟ್ಟು ಹಿಂದಿನ ಬೆಂಚಲ್ಲಿ ಮಲಗಿದ್ರೂ ಗಾಡಿ ತಾನೇ ಹೋಗಿ ಮಸೀದಿ ಮುಂದೆ ನಿಲ್ತಿತ್ತು, ಅಷ್ಟು ರೂಢಿ.

ಹೀಗಿದ್ದವನಿಗೆ ನಲವತ್ನಾಲ್ಕನೇ ವಯಸ್ಸಲ್ಲಿ ರೊಕಾಯ ಸಿಕ್ಕಿದ್ಲು. ಕೆರೆಯಾಚೆ ಲುಂಬಯಾನ್ ಊರಿನೋಳು, ಗಂಡ ಜ್ವರದಲ್ಲಿ ಹೋಗಿ ಆರು ವರ್ಷ ಆಗಿತ್ತು. ಸೊಂಟಕ್ಕೆ ಸುತ್ಕೊಳ್ಳೋ ಮಲೋಂಗ್ ಬಟ್ಟೆ ನೇಯ್ದು ಮಾರೋಕೆ ಬಂದೋಳು ಅವನ ಜೀಪ್ನಿ ಹತ್ತಿದ್ಲು. ಸಂತೆ ಬಂದ್ರೂ ಇಳೀಲಿಲ್ಲ. ಮಸೀದಿ ಬಂತು, ಇಳೀಲಿಲ್ಲ. ನಾಲ್ಕು ಸುತ್ತು ಆದ್ಮೇಲೆ ಸರಿಪಾದ ಕನ್ನಡೀಲಿ ನೋಡಿ, ಎಲ್ಲಿಗೆ ಹೋಗ್ಬೇಕು ತಾಯಿ ಅಂತ ಕೇಳಿದ. ನೀನು ಎಲ್ಲಿಗೂ ಹೋಗಲ್ವಲ್ಲ, ಯಾಕೆ ಅಂತ ನೋಡ್ತಿದ್ದೀನಿ ಅಂದ್ಲು. ಅವನು ಕಾರಣ ಹೇಳಿದ. ಅವಳು ನಗಲಿಲ್ಲ. ಅಷ್ಟೇ ಸಾಕಾಯ್ತು ಅವನಿಗೆ.

ಅವಳ ತಾಯಿ ಪಿಂದಾಯ ಮಾತ್ರ ನಕ್ಕಳು, ಊರಿಗೆಲ್ಲ ಕೇಳೋ ಹಾಗೆ. ಆಮೇಲೆ ಷರತ್ತು ಹೇಳಿಕಳಿಸಿದ್ಲು. ನಮ್ಮ ಮನೆ ಹೆಣ್ಣು ಕೇಳೋಕೆ ಬರೋರು ಹಿತ್ತಾಳೆ ಫಿರಂಗಿ ತರೋದು ಹಿಂದಿನಿಂದ ಬಂದ ಪದ್ಧತಿ, ದುಡ್ಡುಗಿಡ್ಡು ನಡೆಯಲ್ಲ. ಎರಡನೇದು, ದೋಣೀಲಿ ಬರಬಾರದು, ರಸ್ತೇಲೇ ಬರಬೇಕು. ನನ್ನ ಮಗಳು ನಾಲ್ಕು ಸಂತೆಗೆ ರಸ್ತೇಲೇ ಓಡಾಡ್ತಾಳೆ, ಬಂದೂಕು ಕಂಡ್ರೆ ನೀರಿಗೆ ಹಾರೋನನ್ನ ಕಟ್ಕೊಂಡು ಅವಳೇನು ಮಾಡ್ಬೇಕು? ಗುರುವಾರ ಮಧ್ಯಾಹ್ನದ ನಮಾಜಿನವರೆಗೆ ಕಾಯ್ತೀನಿ. ಆಮೇಲೆ ಮರದ ಮಿಲ್ಲಿನ ಸಾಹುಕಾರ ಬರ್ತಾನೆ. ಅವನಿಗೆ ಎರಡು ಲಾರಿ ಇದೆ, ಎದೆ ಮೇಲೆ ಹುಲಿ ಹಚ್ಚೆ ಇದೆ, ಯಾರಿಗೂ ಹೆದರಲ್ಲ ಅಂತ ಅವನೇ ಹೇಳ್ಕೊಂಡು ತಿರುಗ್ತಾನೆ.

ಫಿರಂಗಿ ಏನೋ ಇತ್ತು. ಸರಿಪಾದನ ಅಜ್ಜನ ಅಜ್ಜನದು, ಒಂದಾಳುದ್ದ, ಮೂರು ಆಡಿನಷ್ಟು ಭಾರ. ಬಾಬೋ ಓಮಾ ಅಂತ ಅವನ ಸೋದರತ್ತೆ, ಎಪ್ಪತ್ತು ವರ್ಷದೋಳು, ಅವಳೇ ಅವನನ್ನ ಸಾಕಿದ್ದು. ಆಕೆ ಅದನ್ನ ಒಲೆ ಪಕ್ಕ ಮಲಗಿಸಿ, ಇಲಿ ಮುಟ್ಟಲ್ಲ ಅಂತ ಅದರ ಬಾಯೊಳಗೆ ಖಾರದಪುಡಿ ತುಂಬಿ ಬಟ್ಟೆ ತುರುಕಿಡ್ತಿದ್ಲು. ಗುರುವಾರ ಬೆಳಿಗ್ಗೆ ಸರಿಪಾದ ಹುಣಸೇಹಣ್ಣು ಹಾಕಿ ಅದರ ಹೊರಮೈ ತಿಕ್ಕಿ ತಿಕ್ಕಿ ಚಿನ್ನದ ಹಾಗೆ ಮಾಡಿದ. ಒಳಗೆ ನೋಡೋ ಯೋಚನೆ ಅವನಿಗೂ ಬರಲಿಲ್ಲ, ಬಾಬೋಗೂ ನೆನಪಾಗಲಿಲ್ಲ. ಹೊಸ ಮಲೋಂಗಲ್ಲಿ ಸುತ್ತಿ ಬೆಂಚಿನ ಮೇಲೆ ಮಲಗಿಸಿದ್ರು. ಬೀಗರ ಮನೆ ಕೋಳಿ ಸಾರಿಗೆ ಅಂತ ಬಾಬೋ ಒಂದು ಕ್ಯಾನು ತೆಂಗಿನಹಾಲು ಹಿಂಡಿ ತಂದು, ಅದನ್ನ ಕಾಲ ಮಧ್ಯೆ ಇಟ್ಕೊಂಡು ಕೂತ್ಲು.

ಇನ್ನೊಂದು ತೊಂದರೆ ಇತ್ತು. ಚುನಾವಣೆ ಹತ್ರ ಬಂದಿತ್ತು. ರಸ್ತೇಲಿ ಯಾರೂ ಆಯುಧ ಸಾಗಿಸಬಾರದು ಅಂತ ಹುಕುಂ. ಸರಿಪಾದ ದಾರಿಯುದ್ದಕ್ಕೂ ಬಾಬೋಗೆ ಪಾಠ ಹೇಳ್ಕೊಟ್ಟ. ಬೆಂಚಲ್ಲಿ ಮಲಗಿರೋದು ಯಾರು ಅಂತ ಕೇಳಿದ್ರೆ ಕಾಯಿಲೆ ಬಿದ್ದಿರೋ ನಮ್ಮ ಅಜ್ಜಿ ಅನ್ನು, ಮೂರು ದಿನದಿಂದ ಮಾತಾಡಿಲ್ಲ ಅನ್ನು. ಬಾಬೋ ಹೂಂ ಹೂಂ ಅಂತ ಎಲೆಅಡಿಕೆ ಅಗೀತಿದ್ಲು.

ಮೊದಲನೇ ಗೇಟು ಕೆರೆ ಪಕ್ಕದಲ್ಲೇ. ಏಳು ಜನ ಸೈನಿಕರು, ಏಳು ಬಂದೂಕು. ಸರಿಪಾದನ ಕೈ ಎಷ್ಟು ನಡುಗ್ತು ಅಂದ್ರೆ, ಮುಟ್ಟದೇನೇ ಹಾರನ್ ಬಡ್ಕೊಳ್ತು. ಮೀಸೆ ಹೊತ್ತ ಹವಾಲ್ದಾರ ಕಿಟಕಿ ಹತ್ರ ಬಗ್ಗಿ, ಆಯುಧ ಏನಾದ್ರೂ ಇದೆಯಾ ಅಂದ. ಬಾಬೋಗೆ ಕಲಿಸಿದ ಪಾಠಾನ ಸರಿಪಾದ ತಾನೇ ಮರೆತಿದ್ದ.

"ಇದೆಯಪ್ಪ," ಅಂದ್ಲು ಬಾಬೋ. "ಒಂದು ಫಿರಂಗಿ ಇದೆ."

ಏಳು ಬಂದೂಕೂ ಒಟ್ಟಿಗೆ ಜೀಪ್ನಿ ಕಡೆ ತಿರುಗಿದ್ವು. ಸರಿಪಾದ ಬಾಬೋ ಕಡೆ ನೋಡಿದ.

"ಏನೋ ಹಾಗೆ ನೋಡ್ತೀಯಾ? ಸತ್ತು ಮಣ್ಣಾಗಿರೋ ಅಜ್ಜಿ ಮೇಲೆ ಕಾಯಿಲೆ ಹೊರಿಸೋಕೆ ನಂಗೆ ಬರಲ್ಲ," ಅಂದ್ಲು ಆಕೆ.

ಫಿರಂಗೀನ ಇಳಿಸಿ ರಸ್ತೆ ಮೇಲಿಟ್ರು. ಸರಿಪಾದ ಕಣ್ಣಲ್ಲೇ ಕೆರೆ ಅಳೆದ. ನಲವತ್ತು ಹೆಜ್ಜೆ. ಕಲ್ಲಿಲ್ಲ, ಮುಳ್ಳಿಲ್ಲ, ಇಳಿಜಾರು. ಒಂದು ಕಾಲು ಆಗಲೇ ಜೀಪ್ನಿಯಿಂದ ಹೊರಗಿಟ್ಟಿದ್ದ. ಹವಾಲ್ದಾರ ಫಿರಂಗಿ ಬಾಯಿಗೆ ತುರುಕಿದ್ದ ಬಟ್ಟೆ ಕಿತ್ತು, ಮದ್ದು ತುಂಬಿದೆಯೋ ಏನೋ ಅಂತ ಟಾರ್ಚು ಹಿಡಿದು ಒಳಗೆ ಕಣ್ಣಿಟ್ಟ. ಮಿಕ್ಕೋರೂ ಅವನ ಹೆಗಲ ಮೇಲಿಂದ ಇಣುಕಿದ್ರು. ಏನೂ ಕಾಣಲ್ಲ, ಏನೋ ಕಟ್ಕೊಂಡಿದೆ, ಹಿಂದಿಂದ ಊದಿ ನೋಡು ಅಂತ ಎಲ್ಲರಿಗಿಂತ ಚಿಕ್ಕ ಸೈನಿಕನಿಗೆ ಹೇಳಿದ. ಅವನು ಬತ್ತಿ ಹಚ್ಚೋ ತೂತಿಗೆ ಬಾಯಿಟ್ಟು, ಎದೇಲಿದ್ದ ಗಾಳಿಯೆಲ್ಲ ಸೇರಿಸಿ ಊದಿದ.

ಇನ್ನೂರು ವರ್ಷ ಸುಮ್ಮನಿದ್ದ ಫಿರಂಗಿ ಅವತ್ತು ಹಾರ್ತು. ಶಬ್ದ ಇಲ್ಲ, ಹೊಗೆ ಮಾತ್ರ, ಅದೂ ಕೆಂಪು ಹೊಗೆ. ಹವಾಲ್ದಾರ ಸೀನಿದ ರಭಸಕ್ಕೆ ಅವನ ಟೋಪಿ ಹಾರಿ ತೆಂಗಿನಮರದ ತುದೀಲಿ ಸಿಕ್ಕಿಕೊಳ್ತು. ಇವತ್ತಿಗೂ ಅಲ್ಲೇ ಇದೆ, ಕಾಗೆ ಗೂಡು ಮಾಡಿದೆ. ಇಣುಕಿದ್ದ ಐದು ಜನ ಒಬ್ಬರ ಮೇಲೊಬ್ಬರು ಸೀನಿದ್ರು. ಊದಿದವನು ಉಸಿರು ಒಳಗೆಳ್ಕೊಂಡ ತಕ್ಷಣ ಅವನೂ ಸೇರ್ಕೊಂಡ. ಬಂದೂಕು ಅಲ್ಲಲ್ಲೇ ಬಿದ್ವು. ದೊಡ್ಡ ದೊಡ್ಡ ಗಂಡಸರು ಕಣ್ಣು ಮುಚ್ಕೊಂಡು ರಸ್ತೇಲಿ ಕೂತು, ಸಂತೇಲಿ ಕಳೆದುಹೋದ ಮಕ್ಕಳ ಹಾಗೆ ಅತ್ರು.

ಸರಿಪಾದನಿಗೆ ಈಗ ಕೆರೆ ದಾರೀನೂ ತೆರೆದಿತ್ತು, ಲುಂಬಯಾನ್ ದಾರೀನೂ ತೆರೆದಿತ್ತು. ಹೊತ್ತೂ ಏರ್ತಿತ್ತು, ತಡೆಯೋರು ಯಾರೂ ಇರಲಿಲ್ಲ. ಅವನು ಇಂಜಿನ್ ಕೀಗೆ ಕೈ ಹಾಕ್ದ. ಆಗ ಆ ಚಿಕ್ಕ ಸೈನಿಕ ತಡಕಾಡ್ಕೊಂಡು ನೀರಿನ ಕೊಡದ ಕಡೆ ಹೋಗೋದು ಕಂಡಿತು. ನೀರು ಹಾಕಿದ್ರೆ ಖಾರ ಇನ್ನೂ ಹರಡುತ್ತೆ, ಇದು ಬಾಬೋ ಕೈಯಲ್ಲಿ ಬೆಳೆದ ಅವನಿಗೆ ಗೊತ್ತು, ಪಾಪ ಆ ಹುಡುಗನಿಗೆ ಗೊತ್ತಿಲ್ಲ.

"ನೀರು ಹಾಕ್ಬೇಡ ತಮ್ಮಾ, ಹಾಗೇ ಇರು," ಅಂದ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸ್ತು.

ತೆಂಗಿನಹಾಲಿನ ಕ್ಯಾನು ಎತ್ಕೊಂಡು ಇಳಿದ. ದಾರಿಗೆ ಅಡ್ಡ ಒಂದು ಬಂದೂಕು ಬಿದ್ದಿತ್ತು. ದಾಟಿ ಹೋಗೋಣ ಅಂದ್ರೆ ಕಣ್ಣು ಕಾಣದ ಯಾರಾದ್ರೂ ತುಳಿದಾರು. ಸತ್ತ ಇಲಿ ಬಾಲ ಹಿಡಿಯೋ ಹಾಗೆ ಎರಡೇ ಬೆರಳಲ್ಲಿ ಅದರ ಪಟ್ಟಿ ಹಿಡಿದೆತ್ತಿ ಮರಕ್ಕೆ ಒರಗಿಸಿದ. ಸೈಕಲ್ ಪಂಪಿನ ಹಾಗೆ ತಣ್ಣಗಿತ್ತು, ಅಷ್ಟೇ. ಆಮೇಲೆ ಉಳಿದ ಆರನ್ನೂ ಒರಗಿಸಿದ. ಒಬ್ಬೊಬ್ಬರ ಮುಖ ಎತ್ತಿ, ಹೆಣ್ಣು ಕೇಳೋಕೆ ಅಂತ ತೊಟ್ಟಿದ್ದ ಅಂಗಿಯ ಅಂಚನ್ನ ತೆಂಗಿನಹಾಲಲ್ಲಿ ಅದ್ದಿ ಒರೆಸಿದ. ಹವಾಲ್ದಾರನ ಮೀಸೇಲಿ ಕೂತಿದ್ದ ಖಾರಾನ ಬಾಬೋ ತನ್ನ ಬಾಚಣಿಗೆಯಲ್ಲಿ ಬಾಚಿದ್ಲು.

ಕಣ್ಣು ಬಿಡೋಕೆ ಬಂದ್ಮೇಲೆ ಹವಾಲ್ದಾರ ಪುಸ್ತಕ ತೆಗೆದ. ಮೂಗು ಟೊಮೆಟೊ ಆಗಿತ್ತು. ಫಿರಂಗಿ ಅಂತ ಬರೆದ್ರೆ ಬಿಡೋ ಹಾಗಿಲ್ಲ, ಏನು ಬರೀಲಿ ಅಂತ ಅಳುಮುಖದಲ್ಲಿ ಕೇಳಿದ.

"ಅದರಲ್ಲಿ ನಾನು ಏನಿಡ್ತೀನಿ ಅಂತ ನೋಡಿದ್ಯಲ್ಲಪ್ಪ. ಅಡುಗೆ ಪಾತ್ರೆ ಅಂತ ಬರಿ," ಅಂದ್ಲು ಬಾಬೋ.

ಹವಾಲ್ದಾರ ಇನ್ನೊಂದು ಸಲ ಸೀನಿದ. ಅಡುಗೆ ಪಾತ್ರೆ, ಒಂದು, ಅಂತ ಬರೆದ.

ಆಮೇಲೆ ಈ ಕತೆ ಜೀಪ್ನಿಗಿಂತ ಮುಂಚೆ ಓಡ್ತು. ಆ ರಸ್ತೇಲಿ ಸುದ್ದಿಗೆ ಪೆಟ್ರೋಲು ಬೇಡ. ಎರಡನೇ ಗೇಟಿಗೆ ಅದು ತಲುಪೋವಾಗ ಏಳು ಸೈನಿಕರು ಎಪ್ಪತ್ತಾಗಿದ್ರು. ಸೇತುವೆ ಹತ್ರ ಬಂದೂಕು ಹಿಡಿದು ನಿಂತಿದ್ದ ಮನೆತನದೋರು ಜೀಪ್ನಿ ಕಂಡಿದ್ದೇ ತಡ ಅಡ್ಡಗಂಬ ಎತ್ತಿ, ಮೂಗಿಗೆ ಬಟ್ಟೆ ಕಟ್ಕೊಂಡು, ದಯವಿಟ್ಟು ಇಳೀಬೇಡಿ ಅಣ್ಣಾ, ಹೋಗಿಬನ್ನಿ ಅಂದ್ರು. ಮೂರನೇ ಗೇಟಲ್ಲಿ ಯಾರೂ ಇರಲಿಲ್ಲ, ಒಲೆ ಮೇಲೆ ಅನ್ನ ಮಾತ್ರ ಕುದೀತಿತ್ತು. ಬಾಬೋ ಇಳಿದು, ತಳ ಹಿಡಿಯುತ್ತೆ ಅಂತ ಉರಿ ತಗ್ಗಿಸಿ ಬಂದ್ಲು. ಲುಂಬಯಾನ್ ತಿರುವಲ್ಲಿ ಎರಡು ಲಾರಿ ಎದುರಾದ್ವು. ಎರಡೂ ಊರಿಂದ ಹೊರಗೆ ಹೋಗ್ತಿದ್ವು. ಮುಂದಿನದ್ರಲ್ಲಿ ಹುಲಿ ಹಚ್ಚೆಯೋನು ಸೀಟಿಗಿಂತ ಕೆಳಗೆ ಕೂತಿದ್ದ.

ನಮಾಜಿನ ಕರೆಗೆ ಇನ್ನೂ ಕಾಲು ಗಂಟೆ ಇತ್ತು. ಪಿಂದಾಯಳ ಅಂಗಳದ ತುಂಬ ಜನ. ಆಕೆ ಮೆಟ್ಟಿಲ ಮೇಲೆ ನಿಂತು, ಫಿರಂಗಿ ಹೊತ್ತು ತಂದವನನ್ನ ಅಡಿಯಿಂದ ಮುಡಿವರೆಗೆ ನೋಡಿದ್ಲು. ಎಪ್ಪತ್ತು ಜನಾನ ಒಬ್ಬನೇ ಕೆಡವಿದೆಯಂತೆ, ನಿಜವಾ ಅಂತ ಕೇಳಿದ್ಲು.

ಹೂಂ ಅಂದಿದ್ರೆ ಸಾಕಿತ್ತು. ಊರೇ ನಂಬೋಕೆ ಬಾಯಿ ಬಿಟ್ಕೊಂಡು ಕೂತಿತ್ತು. ಸರಿಪಾದ ಬಾಗಿಲ ಪರದೆ ಕಡೆ ನೋಡಿದ. ಅದರ ಕೆಳಗೆ ರೊಕಾಯಳ ಪಾದ ಕಾಣ್ತಿತ್ತು.

"ಇಲ್ಲ ತಾಯಿ," ಅಂದ. "ಏಳೇ ಜನ. ಅವರನ್ನ ಕೆಡವಿದ್ದು ನಮ್ಮ ಬಾಬೋ ಖಾರದಪುಡಿ. ನಾನು ಕೆರೆಗೆ ಎಷ್ಟು ಹೆಜ್ಜೆ ಅಂತ ಎಣಿಸ್ತಿದ್ದೆ. ನಲವತ್ತು."

ಬಾಬೋ ಹಣೆ ಚಚ್ಕೊಂಡ್ಲು.

"ಮತ್ತೆ ಯಾಕೆ ಹಾರಲಿಲ್ಲ?" ಅಂದ್ಲು ಪಿಂದಾಯ.

"ಒಬ್ಬ ಹುಡುಗ ಕಣ್ಣಿಗೆ ನೀರು ಹಾಕ್ಕೊಳ್ಳೋಕೆ ಹೊರಟಿದ್ದ. ಆಮೇಲೆ ನೆನಪಾಗಲಿಲ್ಲ."

ಪಿಂದಾಯ ಕೆಳಗಿಳಿದು ಬಂದು ಅವನ ಅಂಗಿಯ ಅಂಚು ಹಿಡಿದು ಮೂಸಿದ್ಲು. ತೆಂಗಿನಹಾಲು, ಖಾರ, ಏಳು ಜನರ ಕಣ್ಣೀರು, ಎಲ್ಲ ಇತ್ತು. ಮೂಸಿದ ಮೇಲೆ ಆಕೆ ಸೀನಿದ ಸದ್ದಿಗೆ ಅಂಗಳದ ಕೋಳಿಗಳೆಲ್ಲ ಸೂರಿಗೆ ಹಾರಿದ್ವು. ಪರದೆ ಹಿಂದೆ ರೊಕಾಯ ನಕ್ಕಿದ್ದು ಎಲ್ಲರಿಗೂ ಕೇಳಿಸ್ತು. ಮೂಗು ಒರೆಸ್ಕೊಂಡು ಪಿಂದಾಯ, ಒಳಗೆ ಕರ್ಕೊಂಡು ಬನ್ನಿ, ಸಾರಿಗೆ ತೆಂಗಿನಹಾಲು ಎಲ್ಲಿ ಅಂದ್ಲು. ಖಾಲಿ ಕ್ಯಾನು ತೋರಿಸಿದ್ರು. ಅವತ್ತಿನ ಕೋಳೀನ ಬರೀ ಸುಟ್ಟು ತಿಂದ್ರು, ಅದೇ ಚೆನ್ನಾಗಿತ್ತು ಅಂತಾರೆ.

ಈಗ ಆ ಜೀಪ್ನಿ ನಾಲ್ಕು ಸಂತೆಗೂ ಹೋಗುತ್ತೆ. ಹಿಂದಿನ ಬೆಂಚಲ್ಲಿ ಮಲೋಂಗ್ ಗಂಟುಗಳು, ಮುಂದೆ ರೊಕಾಯ. ಅವನ ಭಯ ಹೋಗಿದೆ ಅಂದ್ರೆ ಸುಳ್ಳು. ಗೇಟು ಕಂಡ್ರೆ ಹಾರನ್ ಈಗಲೂ ತಾನೇ ಬಡ್ಕೊಳ್ಳುತ್ತೆ, ಅದನ್ನ ಕೇಳೇ ಹವಾಲ್ದಾರ ಕಂಬ ಎತ್ತೋಕೆ ಏಳ್ತಾನೆ. ಮೊನ್ನೆ ಸರಿಪಾದನ ಕಣ್ಣು ಕೆರೆ ಕಡೆ ಹೋಗಿದ್ದನ್ನ ರೊಕಾಯ ನೋಡಿ, ಇವತ್ತು ಎಷ್ಟು ಅಂದ್ಲು. ಮೂವತ್ತೆಂಟು, ಮಳೆಗೆ ನೀರು ಏರಿದೆ ಅಂದ ಅವನು. ಸರಿ, ಗೇರು ಹಾಕು ಅಂದ್ಲು ಅವಳು. ಹಾಕ್ದ.