ಬೆಣ್ಣೆಹಣ್ಣಿನ ಬೀಜದ ಲೇಪ

ಕೆಂಪಾಗುತ್ತಿದೆ, ತುರಿಯುವಾಗ ಕೆನೆಯ ಬಣ್ಣವಿದ್ದದ್ದು ತಟ್ಟೆಗೆ ಬಿದ್ದು ಉಸಿರೆಳೆಯುವುದರೊಳಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿದೆ, ಬೆಣ್ಣೆಹಣ್ಣಿನ ಬೀಜದೊಳಗೆ ಇಂಥದ್ದೊಂದು ಬಣ್ಣ ಕೂತಿದೆಯೆಂದು ಯಾರಿಗೆ ಗೊತ್ತಿತ್ತು, ತಿರುಳು ತಿಂದು ಬೀಜ ಎಸೆಯುವುದಷ್ಟೇ ಗೊತ್ತು ನಮಗೆ — ಎಸೀಬೇಡ್ವೇ, ತುರಿದು ಎಣ್ಣೇಲಿ ಕಾಯಿಸು, ಗೆಣ್ಣಿಗೆ ಹಚ್ಚಿ ಬಿಗಿಯಾಗಿ ಬಟ್ಟೆ ಸುತ್ತು, ನನ್ನ ಮಂಡಿ ನೋಡು, ಮೆಟ್ಟಿಲು ಹತ್ತಿ ನಿಮ್ಮನೇಗೆ ಜಗಳಕ್ಕೆ ಬರೋಷ್ಟು ಆಗಿದೆ — ಕೆಳಮನೆಯ ಚಿಕ್ಕಮ್ಮ ನಕ್ಕಿದ್ದಳು, ಅಮ್ಮನ ಗೆಣ್ಣು ನೋಡಿದ ಡಾಕ್ಟರು ನಗಲಿಲ್ಲ, ಸವೆದದ್ದು ಸವೀತು, ಇನ್ನು ನೋವು ಕಮ್ಮಿ ಮಾಡ್ಕೊಂಡು ಹೋಗೋದಷ್ಟೆ ಅಂದರು, ಅವರಿಗೆ ಅವು ಬೆರಳು, ಅಮ್ಮನಿಗೆ ನಾಲಿಗೆ, ಹುಟ್ಟಿದಂದಿನಿಂದ ಕಿವಿ ಕೇಳದ, ಬಾಯಿ ಬಾರದ ಅಮ್ಮ ಆಡುವ ಮಾತೆಲ್ಲ ಬೆರಳಿನಲ್ಲೇ, ನಾನು ಮೊದಲು ಕಲಿತ ಮಾತೂ ಅದೇ, ಅವಳು ಕೆಲಸಕ್ಕಿದ್ದ ಮುದ್ರಣಾಲಯದಲ್ಲಿ ಯಂತ್ರಗಳ ಗದ್ದಲಕ್ಕೆ ಮಿಕ್ಕವರೆಲ್ಲ ಕಿರುಚಿಕೊಳ್ಳುವಾಗ ಇವಳೊಬ್ಬಳು ಆರಾಮಾಗಿ ಹರಟುತ್ತಿದ್ದಳಂತೆ, ಬಸ್ಸಿನ ಗಾಜಿನಾಚೆ ನಿಂತು ನನಗೆ ಬೈಯುತ್ತಿದ್ದಳು, ಬಸ್ಸು ಹೊರಟು ತಿರುವು ದಾಟುವವರೆಗೂ ಬೈಗುಳ ಕಾಣುತ್ತಿತ್ತು, ಮುದ್ರಣಾಲಯದ ಹಾಳೆ ಮಡಚಿ ಮಡಚಿ ಗೆಣ್ಣುಗಳೆಲ್ಲ ಗಂಟಾದವು, ಮೊದಲು ಕತೆ ಹೋಯಿತು, ಆಮೇಲೆ ಜಗಳ ಹೋಯಿತು, ಈಗ ಉಳಿದದ್ದು ಹೂಂ, ಬೇಡ, ಸಾಕು, ಅಷ್ಟು ಹೇಳಿ ಕೈಯನ್ನು ಕಂಕುಳಿಗೆ ಸೇರಿಸಿಬಿಡುತ್ತಾಳೆ, ಮನೆಯಲ್ಲಿ ಸದ್ದು ಎಂದೂ ಇರಲಿಲ್ಲ, ಮೌನವಾದದ್ದು ಮಾತ್ರ ಈಗ.

ಎಣ್ಣೆ ಬೆಚ್ಚಗಾಯಿತು, ತುರಿ ಸುರಿದೆ, ಹಸಿ ಮರ ಸೀಳಿದ ಹಾಗೆ ವಾಸನೆ, ಅಮ್ಮ ಕಿಟಕಿಯ ಬಳಿ ಕೂತು ನೋಡುತ್ತಿದ್ದಾಳೆ, ಕಷ್ಟಪಟ್ಟು ಕೈಯೆತ್ತಿ, ಎಂ.ಎ. ಓದಿಸಿದ್ದು ಇದಕ್ಕಾ, ಅನ್ನುತ್ತಾಳೆ, ಅರ್ಧ ಬೆರಳು ಹೇಳುತ್ತದೆ, ಉಳಿದರ್ಧ ಹುಬ್ಬು, ಹೂಂ ಇದಕ್ಕೇ, ಕೊಡು ಕೈ, ಒಂದೊಂದೇ ಗೆಣ್ಣಿಗೆ ಹಚ್ಚುತ್ತೇನೆ, ಉರೀತಾ, ಇಲ್ಲ, ತಲೆಯಾಡಿಸುತ್ತಾಳೆ, ಹಳೆಯ ದಿಂಬಿನ ಬಿಳಿ ಬಟ್ಟೆ ಹರಿದು ಬಲಗೈ ಸುತ್ತಿ ಗಂಟು, ಎಡಗೈ ಸುತ್ತಿ ಗಂಟು, ಸಡಿಲವಾದ್ರೆ ಕೆಲಸ ಮಾಡಲ್ಲ ಕಣೇ ಎಂದಿದ್ದಳಲ್ಲ ಚಿಕ್ಕಮ್ಮ, ಅವಳ ಮಂಡಿಯೇನು ಮಾತಾಡುತ್ತದೆಯೇ, ಎರಡೂ ಕೈ ಒಟ್ಟಿಗೆ ಕಟ್ಟಬಾರದಿತ್ತು, ಅಷ್ಟೂ ಹೊಳೆಯಲಿಲ್ಲ ನನಗೆ, ಬಾಣಲೆ ತೊಳೆದು ತಿರುಗಿ ನೋಡಿದರೆ — ಬಟ್ಟೆ ಅಲ್ಲಾಡುತ್ತಿದೆ, ಒಳಗೆ ಬೆರಳುಗಳು ಓಡುತ್ತಿವೆ, ಬಿಸಿಗೆ ಸಡಿಲವಾಗಿ, ಹಿಂದಿನ ಹಾಗೆ, ಅಮ್ಮನ ಕಣ್ಣು ಹೊಳೆಯುತ್ತಿದೆ, ಇದು ಹೂಂ ಅಲ್ಲ, ಬೇಡ ಅಲ್ಲ, ಉದ್ದದ ಮಾತು, ಎಷ್ಟೋ ತಿಂಗಳಿನಿಂದ ಒಳಗಿದ್ದದ್ದು, ಕೈ ಕಟ್ಟಿದೆಯೆಂಬುದನ್ನೇ ಮರೆತು ಹೇಳುತ್ತಿದ್ದಾಳೆ, ತಡಿ ಅಮ್ಮ, ಕಾಣ್ತಿಲ್ಲ, ತಡಿ, ಅವಳು ನನ್ನ ಕೈಯತ್ತ ನೋಡುತ್ತಿಲ್ಲ, ಎಣ್ಣೆಗೆ ನೆಂದ ಗಂಟು ಕೈಗೆ ಜಾರುತ್ತದೆ, ಹಲ್ಲಿನಿಂದ ಎಳೆಯುತ್ತೇನೆ, ಬಿಚ್ಚಿದಾಗ ಕೆಂಪು ಬೆರಳುಗಳು ಅರ್ಧ ಮಡಚಿ ನಿಂತುಬಿಟ್ಟಿವೆ, ಏನಂದೆ ಅಮ್ಮ, ಇನ್ನೊಂದ್ಸಲ ಹೇಳು, ಪ್ರಯತ್ನಿಸುತ್ತಾಳೆ, ತೋರುಬೆರಳು ಏಳುತ್ತದೆ, ನಡುಬೆರಳು ಏಳುವುದಿಲ್ಲ, ಏನಿಲ್ಲ ಬಿಡು ಎಂದು ತಲೆಯಾಡಿಸಿ ಕಿಟಕಿಯತ್ತ ತಿರುಗುತ್ತಾಳೆ, ಮತ್ತೆ ಕಾಯಿಸಲೇ, ಮತ್ತೆ ಹಚ್ಚಲೇ, ಒಂದೇ ಕೈ ಕಟ್ಟಲೇ, ಹೇಳಿದ್ದು ಬಟ್ಟೆಯೊಳಗೇ ಹೇಳಿ ಆಯಿತಲ್ಲ, ಬಟ್ಟೆ ನೆಲದ ಮೇಲೆ ಸುಮ್ಮನೆ ಬಿದ್ದಿದೆ, ಆದರೂ ನನ್ನ ಕಣ್ಣೊಳಗೆ ಇನ್ನೂ ಅಲ್ಲಾಡುತ್ತಿದೆ, ಬಿಳಿ ಬಟ್ಟೆ, ಒಳಗೆ ಬೆರಳು, ಬಿಳಿ ಬಟ್ಟೆ —