ಹೊಳಲ್ಕೆರೆ ಕಚೇರಿಯ ಕೆಂಪಕ್ಷರ

ಟೈಪ್‌ರೈಟರ್ ರಿಪೇರಿ ನನ್ನ ಕಸುಬು. ಅಂಗಡಿ ಚಿತ್ರದುರ್ಗದಲ್ಲಿ; ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಚೇರಿಗಳಿಗೆಲ್ಲ ನಾನೇ ಚೀಲ ಹಿಡಿದು ಬಸ್ಸು ಹತ್ತಬೇಕು. ಮುರುಗೇಶಪ್ಪ ಒಂದು ಸಲ ಮುಟ್ಟಿದ ಮಿಷನ್ ವರ್ಷಗಟ್ಟಲೆ ಕೆಡುವುದಿಲ್ಲ ಎಂದು ಹೆಸರಿತ್ತು. ಆ ಹಾಳು ಹೆಸರೇ ನನ್ನ ಕೈಲಿ ಪಾಪ ಮಾಡಿಸಿತು.

ಎಪ್ಪತ್ನಾಲ್ಕರಲ್ಲಿ ಹೊಳಲ್ಕೆರೆಯ ಒಂದು ಕಚೇರಿಯಿಂದ ಕರೆ ಬಂತು. ಬಣ್ಣ ಬದಲಿಸುವ ಲಿವರನ್ನು ಕಪ್ಪಿಗಿಟ್ಟು ಹೊಡೆದರೂ ಅಕ್ಷರ ಕೆಂಪಗೆ ಬೀಳುತ್ತದಂತೆ. ಅಲ್ಲಿನ ಟೈಪಿಸ್ಟ್ ಪಾಲಣ್ಣ, ತಾಳ್ಯದ ಕಡೆಯ ಗೊಲ್ಲರಹಟ್ಟಿಯವನು. ಆ ಹಟ್ಟಿಯಿಂದ ಸರ್ಕಾರಿ ಕುರ್ಚಿ ಕಂಡವನು ಅವನೊಬ್ಬನೇ, ಅದೂ ಹಂಗಾಮಿ. ಮುಚ್ಚಳ ತೆಗೆದು ನೋಡಿದರೆ ಮಿಷನ್ನಿಗೆ ಏನೂ ಆಗಿರಲಿಲ್ಲ. ಎರಡು ಬಣ್ಣದ ರಿಬ್ಬನ್ನಿನಲ್ಲಿ ಕಪ್ಪು ಮೇಲಿರಬೇಕು, ಕೆಂಪು ಕೆಳಗಿರಬೇಕು. ಯಾರೋ ತಲೆಕೆಳಗಾಗಿ ಹಾಕಿದ್ದರು. ತಿರುಗಿಸಿ ಹಾಕಿದೆ. ಎರಡು ನಿಮಿಷದ ಕೆಲಸಕ್ಕೆ ಯಾರು ಕೂಲಿ ಕೊಡುತ್ತಾರೆ? ಲಿವರ್ ಸವೆದಿತ್ತು, ಸರಿಪಡಿಸಿದೆ ಎಂದು ಬಿಲ್ಲಿನಲ್ಲಿ ಬರೆದೆ.

ಮೂರು ತಿಂಗಳಿಗೆ ಮತ್ತೆ ಕರೆ. ಈ ಸಲ ಮೇಲಿನ ಸಾಹೇಬರಿಗೆ ಹೋದ ಪತ್ರವೇ ಮೊದಲಿಂದ ಕೊನೆಯವರೆಗೆ ಕೆಂಪು. ನಮ್ಮ ಕಚೇರಿಗಳಲ್ಲಿ ಕೆಂಪು ಶಾಯಿ ಮೇಲಿನವರ ಸೊತ್ತು. ಕೆಳಗಿನವನು ಹಾಗೆ ಬರೆದರೆ ಅವರೆದುರು ಕಾಲ ಮೇಲೆ ಕಾಲು ಹಾಕಿ ಕೂತಂತೆ. ಹೆಡ್ ಕ್ಲರ್ಕ್ ಏಕಾಂತಪ್ಪ ಪತ್ರವನ್ನು ನೋಡದೆ ಸಹಿಗಿಟ್ಟಿದ್ದ, ಆಫೀಸರು ನೋಡದೆ ಸಹಿ ಹಾಕಿದ್ದರು. ಮೇಲಿನಿಂದ ವಿವರಣೆ ಕೇಳಿ ಮೆಮೋ ಬಂದಿತ್ತು.

ನಾನು ಹೋದಾಗ ಎಲ್ಲರೂ ಊಟಕ್ಕೆ ಎದ್ದಿದ್ದರು, ಪಾಲಣ್ಣ ಒಬ್ಬನೇ ಇದ್ದ. ಹೊಸ ರಿಬ್ಬನ್, ಮತ್ತೆ ತಲೆಕೆಳಗು.

"ಇದನ್ನ ಯಾರಪ್ಪ ಹಾಕಿದ್ದು?"

"ನಾನೇ ಅಣ್ಣ."

ಒಂದು ಸಾಲು ಹೊಡೆದು ಕಾಗದ ಅವನ ಮುಂದೆ ಹಿಡಿದೆ. "ಯಾವ ಬಣ್ಣ ಐತೆ?"

ಅವನು ಕಾಗದ ಬಿಟ್ಟು ನನ್ನ ಮುಖ ನೋಡಿದ. "ಕಪ್ಪಲ್ವೇನ್ರಿ?"

ಸಾಲು ಕೆಂಪಗಿತ್ತು. ಅವನೇ ಬಾಯಿಬಿಟ್ಟ.

"ಚಿಕ್ಕೋನಿದ್ದಾಗ ನಮ್ ಕುರಿ ಬೆನ್ನಿಗೆ ಕೆಂಪು ಹಚ್ಚೋರು, ದೊಡ್ಡಪ್ಪನ ಕುರಿಗೆ ಗಾಡಿ ಕೀಲೆಣ್ಣೆ ಕಪ್ಪಗೆ ಬಳಿಯೋರು. ನಂಗೆ ಎಲ್ಡೂ ಒಂದೇ ಥರ ಕಾಣ್ತಿದ್ವು. ಅವರ ಕುರಿ ನಮ್ ರೊಪ್ಪಕ್ಕೆ ಹೊಡ್ಕಂಡ್ ಬಂದೆ ಅಂತ, ಕಳ್ಳ ಅಂದು ಹೊಡದ್ರು. ಕುರಿ ಕಾಯಾಕೆ ಆಗ್ದೋನು ಓದ್ಲಿ ಅಂತ ಅಪ್ಪ ಇಸ್ಕೂಲಿಗೆ ಹಾಕಿದ. ಯಾರ ಮುಂದೂ ಹೇಳಬ್ಯಾಡ್ರಿ ಅಣ್ಣ. ಬರೋ ತಿಂಗ್ಳು ನಂದು ಕಾಯಂ ಆಗ್ತೈತೆ."

"ಹೇಳಲ್ಲ ಬಿಡು. ಇನ್ಮೇಲೆ ಬರೀ ಕಪ್ಪು ರಿಬ್ಬನ್ ತಂದ್ಕೊಡ್ತೀನಿ" ಎನ್ನುತ್ತ ರಿಬ್ಬನ್ ತಿರುಗಿಸಿ ಹಾಕಿದೆ. ಮನಸ್ಸಿಟ್ಟೇ ಹೇಳಿದ್ದೆ.

ಅಷ್ಟರಲ್ಲಿ ಏಕಾಂತಪ್ಪ ಎಲೆಅಡಿಕೆ ಜಗಿಯುತ್ತ ಬಂದ, ಹಿಂದೆಯೇ ಗುಮಾಸ್ತರ ದಂಡು.

"ಏನ್ರಿ ಮುರುಗೇಶಪ್ಪ, ನಿಮ್ಮ ರಿಪೇರಿ ಮೂರು ತಿಂಗ್ಳೂ ತಡೀಲಿಲ್ಲ. ಲಿವರ್ ಸರಿ ಮಾಡಿದೀನಿ ಅಂತ ಬಿಲ್ ಬೇರೆ ಬರದೀರಿ. ನಿಮ್ಮಿಂದ ನಮಗೆ ಮೆಮೋ. ತಾಲ್ಲೂಕಿಗೆಲ್ಲ ಹೇಳ್ತೀನಿ, ದಾವಣಗೆರೆಯೋರನ್ನ ಕರಸ್ಕಳ್ರಿ ಅಂತ."

ಗುಮಾಸ್ತರು ಕಿಸಕ್ಕೆಂದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಪಿತ್ತ ನೆತ್ತಿಗೇರಿತು. ಮಿಷನ್ ಕೆಟ್ಟಿತ್ತು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನನ್ನ ಕೂಲಿಗಾಗಿ ಒಂದು ಸಲ ಅಂದವನೇ ನಾನು.

"ಮಿಷನ್ ಸರಿಯಾಗೇ ಐತೆ ಏಕಾಂತಪ್ಪನೋರೆ. ನಿಮ್ಮ ಟೈಪಿಸ್ಟಿಗೆ ಬಣ್ಣ ಕಾಣಲ್ಲ."

ಏಕಾಂತಪ್ಪನ ಮುಖ ಅರಳಿತು. ನೋಡದೆ ಸಹಿಗಿಟ್ಟವನೂ ನೋಡದೆ ಸಹಿ ಹಾಕಿದವರೂ ಅದೇ ಗಳಿಗೆಯಲ್ಲಿ ಬಚಾವಾದರು. ನನಗೂ ಕುರ್ಚಿ ಎಳೆದು ಕೊಟ್ಟ, ಚಹಾ ತರಿಸಿದ. ನಾಚಿಕೆಗೆಟ್ಟವನು, ಕುಡಿದೆ.

ಗಂಟೆಯೊಳಗೆ ಕರಡು ಸಿದ್ಧವಾಯಿತು: ದೃಷ್ಟಿದೋಷ ಮುಚ್ಚಿಟ್ಟಿದ್ದಕ್ಕಾಗಿ ಹಂಗಾಮಿ ನೌಕರ ಪಾಲಣ್ಣನನ್ನು ಇಂದಿನಿಂದಲೇ ಬಿಡುಗಡೆ ಮಾಡಲಾಗಿದೆ. ಆದರೆ ಕಚೇರಿಯಲ್ಲಿ ಟೈಪ್ ಬರುತ್ತಿದ್ದವನು ಅವನೊಬ್ಬನೇ. ಏಕಾಂತಪ್ಪ ಕರಡನ್ನು ಅವನ ಮೇಜಿನ ಮೇಲೆಯೇ ಇಟ್ಟ.

ಪಾಲಣ್ಣ ಕಾಗದ ಏರಿಸಿ ಹೊಡೆಯತೊಡಗಿದ. ಎಲ್ಲೂ ತಡೆಯಲಿಲ್ಲ, ಒಂದಕ್ಷರ ತಪ್ಪಲಿಲ್ಲ. ಮುಗಿಸಿ ಹಾಳೆ ಎಳೆದುಕೊಂಡು ನೆಟ್ಟಗೆ ನನ್ನ ಹತ್ತಿರ ಬಂದ.

"ಅಣ್ಣ, ಕಪ್ಪಗೆ ಬಂದೈತಾ ಒಸಿ ನೋಡ್ರಿ."

"ಬಂದೈತಪ್ಪ" ಎಂದೆ.

ಹಾಳೆ ಹಿಡಿದುಕೊಂಡು ಸಹಿ ಹಾಕಿಸಲು ಆಫೀಸರ ಕೋಣೆಗೆ ಹೋದ.