ಗಾಜಿನ ಕ್ಯಾಬಿನೆಟ್

ಘಟನೆಗಳ ಕ್ರಮ ಹೀಗಿತ್ತು. ಒಂದು ಮಂಗಳವಾರ ಅವಳು ಚಿಕ್ಕಪ್ಪನ ಮುದ್ರಣಾಲಯದ ಡಿಸೈನ್ ಕೋಣೆಗೆ ಬಿಡಿಭಾಗಗಳಿಂದ ತಾನೇ ಒಂದು ಕಂಪ್ಯೂಟರ್ ಜೋಡಿಸಿಕೊಟ್ಟಳು. ಹತ್ತು ಕೆಲಸದ ದಿನ ಅದು ಚಕಾರವೆತ್ತದೆ ದುಡಿಯಿತು. ಆಮೇಲಿನ ಶನಿವಾರ ಸಂಜೆ ಚಿಕ್ಕಪ್ಪನ ಅಳಿಯ, ಅಂದರೆ ಅವಳ ಭಾವ, ಪಕ್ಕಕ್ಕೆ ಗಾಜು, ಒಳಗೆ ಬಣ್ಣದ ದೀಪವಿದ್ದ ದೊಡ್ಡ ಕಂಪ್ಯೂಟರ್ ಕ್ಯಾಬಿನೆಟ್ ತಂದ. ಭಾನುವಾರ ಯಾರೂ ಇಲ್ಲದಾಗ ಹಳೆಯ ಸಣ್ಣ ಕ್ಯಾಬಿನೆಟ್ಟಿನಿಂದ ಎಲ್ಲವನ್ನೂ ಬಿಚ್ಚಿ ಅದರೊಳಗೆ ಕೂರಿಸಿದ. ಸೋಮವಾರ ಒಂಬತ್ತಕ್ಕೆ ಗುಂಡಿ ಒತ್ತಿದರೆ ಫ್ಯಾನು ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಒಂಬತ್ತೂಕಾಲಕ್ಕೆ ತಪ್ಪು ಅವಳದೆಂದು ತೀರ್ಮಾನವಾಗಿಹೋಗಿತ್ತು.

“ಮದರ್‌ಬೋರ್ಡು ಸುಟ್ಟಿದೆ ಮಾವ,” ಎಂದ ಭಾವ, ಕುರ್ಚಿಗೆ ಒರಗಿ ಕಾಲ ಮೇಲೆ ಕಾಲು ಹಾಕಿಕೊಂಡು. “ನಾನು ಬರೀ ಅಂಗಿ ಬದಲಾಯಿಸಿದ್ದು. ರೋಗ ಒಳಗೆ ಮೊದಲೇ ಇತ್ತು. ಸೈನ್ಸ್ ಓದಿದ್ದಾಳೆ ಅಂತ ಕೈಗೆ ಸ್ಕ್ರೂಡ್ರೈವರ್ ಕೊಟ್ರೆ ಹೀಗೇ ಆಗೋದು.”

ಚಿಕ್ಕಪ್ಪ ಯಂತ್ರಗಳ ರಿಜಿಸ್ಟರ್ ತೆರೆದು ಪೆನ್ನಿನ ಮುಚ್ಚಳ ತೆಗೆದರು. “ಹನ್ನೆರಡರವರೆಗೆ ನೋಡ್ತೀನಿ ಕಣಮ್ಮ. ಆಗಲಿಲ್ಲ ಅಂದ್ರೆ ಈ ಕೋಣೆ ಭಾವನಿಗೆ, ನೀನು ಮುಂದೆ ಕೌಂಟರಲ್ಲಿ ಕೂತ್ಕೋ. ಜೋಡಿಸಿದ್ದರಲ್ಲೇ ದೋಷ ಅಂತ ನಿನ್ನ ಹೆಸರಲ್ಲಿ ಬರೆದಿಡ್ತೀನಿ.”

ಪ್ರತಿಯೊಂದು ಸ್ಕ್ರೂವನ್ನೂ ಕಾಗದದ ಮೇಲೆ ಗುರುತು ಹಾಕಿಟ್ಟು ಕೆಲಸ ಮಾಡಿದವಳು ಅವಳು. ಅಚ್ಚಿನ ಕೆಲಸದವರು ಅವಳನ್ನು ಲಿಸ್ಟಮ್ಮ ಎಂದು ಕರೆಯುತ್ತಿದ್ದುದೇ ಆ ಕಾರಣಕ್ಕೆ. ಅವಳು ಗೋಡೆಯಿಂದ ಪ್ಲಗ್ ಕಿತ್ತಳು.

ಕ್ಯಾಬಿನೆಟ್ಟಿನಿಂದ ಬೋರ್ಡನ್ನು ಹೊರತೆಗೆದು ರಟ್ಟಿನ ಡಬ್ಬದ ಮೇಲಿಟ್ಟಳು. ಪವರ್ ಸಪ್ಲೈನ ಇಪ್ಪತ್ನಾಲ್ಕು ಪಿನ್ನಿನ ಅಗಲ ಕೇಬಲನ್ನು ಬೋರ್ಡಿನ ಅಂಚಿಗೆ, ಎಂಟು ಪಿನ್ನಿನದನ್ನು ಪ್ರೊಸೆಸರಿನ ಪಕ್ಕಕ್ಕೆ ಸಿಕ್ಕಿಸಿದಳು. ಒಂದೇ ಒಂದು ರ‍್ಯಾಮ್ ಪಟ್ಟಿಯನ್ನು ಎರಡೂ ಕೊಂಡಿಗಳು ಟಕ್ಕೆನ್ನುವವರೆಗೆ ಒತ್ತಿದಳು. ಕೊನೆಗೆ ಮಾನಿಟರ್.

“ಆಪರೇಷನ್ ಎಷ್ಟೊತ್ತಿಗೆ ಮುಗಿಯುತ್ತೆ ಡಾಕ್ಟರಮ್ಮ? ಹೊರಗೆ ಕಾಯೋರಿಗೆ ಕುರ್ಚಿ ಹಾಕಿಸ್ಲಾ?” ಎಂದ ಭಾವ.

ಅವಳು ಪ್ಲಗ್ ಹಾಕಿ, ಗುಂಡಿಯ ತಂತಿ ಸೇರುವ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿದಳು. ಫ್ಯಾನು ಗಿರ್ರೆಂದು ತಿರುಗಿತು, ತೆರೆ ಬೆಳಗಿತು.

“ಬೋರ್ಡು ಸುಟ್ಟಿದೆ ಅಂದ್ರಲ್ಲ ಭಾವ?”

“ಗಾಳೀಲಿ ಯಾವುದು ಬೇಕಾದ್ರೂ ಓಡುತ್ತೆ. ಪೆಟ್ಟಿಗೆ ಒಳಗಿನ ಬಿಸಿ ತಡ್ಕೊಳ್ಳೋ ತಾಕತ್ತು ಈ ಬೋರ್ಡಿಗಿಲ್ಲ.”

“ಅರ್ಧ ಸುತ್ತಿಗೇ ಬಿಸಿಯಾಯ್ತಾ? ಸರಿ, ಭಾನುವಾರ ಹೇಗೆ ಕೂರಿಸಿದ್ರೋ ಹಾಗೇ ಮತ್ತೆ ಕೂರಿಸಿ. ಚಿಕ್ಕಪ್ಪ ನೋಡ್ಲಿ.”

ಭಾವ ಅಂಗಿಯ ತೋಳು ಮಡಚಿ ಬೋರ್ಡನ್ನು ಕೂರಿಸಿದ, ಕೇಬಲ್‌ಗಳನ್ನು ಸಿಕ್ಕಿಸಿದ, ಗುಂಡಿ ಒತ್ತಿದ. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. “ನೋಡಿದ್ರಾ ಮಾವ!” ಎಂದು, ತಾನೇ ಗೆದ್ದವನಂತೆ ತೊಡೆ ತಟ್ಟಿದ.

ಅವಳು ಅವನನ್ನು ಪಕ್ಕಕ್ಕೆ ಸರಿಸಿ ಬೋರ್ಡನ್ನು ಮತ್ತೆ ಬಿಚ್ಚಿದಳು. ಬೋರ್ಡು ಕ್ಯಾಬಿನೆಟ್ಟಿನ ಕಬ್ಬಿಣದ ತಗಡಿಗೆ ತಾಗಬಾರದೆಂದು ತಗಡಿನ ಮೇಲೆ ಹಿತ್ತಾಳೆಯ ಗಿಡ್ಡ ಕಂಬಗಳಿರುತ್ತವೆ. ಒಂದೊಂದು ಕಂಬವೂ ಬೋರ್ಡಿನ ಒಂದೊಂದು ತೂತಿಗೆ ನೇರವಾಗಿ ನಿಂತು ಸ್ಕ್ರೂವನ್ನು ಹಿಡಿದುಕೊಳ್ಳಬೇಕು. ಬೋರ್ಡಿನ ಬೆನ್ನು ತಿರುಗಿಸಿದಳು. ತೂತಿಲ್ಲದ ಜಾಗದಲ್ಲಿ, ಬೆಸುಗೆಯ ಚುಕ್ಕೆಗಳ ಮೇಲೆ, ಹೊಸ ಗೀರು ಮಿನುಗುತ್ತಿತ್ತು.

“ಸ್ಕ್ರೂ ಎಷ್ಟು ಹಾಕಿದ್ರಿ ಭಾವ?”

“ತೂತು ಎಷ್ಟಿದ್ವೋ ಅಷ್ಟು.”

“ಕಂಬ ಎಷ್ಟಿದ್ವು?”

“ದೊಡ್ಡ ಕ್ಯಾಬಿನೆಟ್, ಅವರೇ ಹಾಕಿ ಕಳಿಸಿರ್ತಾರೆ. ಅದನ್ನೆಲ್ಲ ಯಾರು ಎಣಿಸ್ತಾರೆ?”

“ನಾನು ಎಣಿಸ್ತೀನಿ!” ಅವಳ ದನಿ ಅಚ್ಚಿನ ಯಂತ್ರಗಳ ಸದ್ದನ್ನೂ ಮೀರಿ ಹೊರಗೆ ಕೇಳಿಸಿತು. “ನೀವು ಎಣಿಸದೆ ಬಿಟ್ಟಿದ್ದಕ್ಕೆ ಬೆಳಿಗ್ಗೆಯಿಂದ ನಾನು ಕಳ್ಳಿಯ ಹಾಗೆ ನಿಂತಿದ್ದೀನಿ!”

ಭಾವ ಗಾಜಿನ ಮೇಲಿನ ಬೆರಳಚ್ಚು ಒರೆಸತೊಡಗಿದ. ಚಿಕ್ಕಪ್ಪ ಕನ್ನಡಕ ಏರಿಸಿ, ತಗಡಿನ ಮೇಲೆ ಬೆರಳಿಟ್ಟು ತಾವೇ ಎಣಿಸಿದರು. ಆಮೇಲೆ ಬೋರ್ಡಿನ ತೂತುಗಳನ್ನು ಎಣಿಸಿದರು. ಅವಳು ಗೀರಿನ ಕೆಳಗಿದ್ದ ಕಂಬವನ್ನು ತಿರುಚಿ ಕಿತ್ತು, ಬೋರ್ಡನ್ನು ಕೂರಿಸಿ ಗುಂಡಿ ಒತ್ತಿದಳು. ಫ್ಯಾನು ನಿಲ್ಲಲಿಲ್ಲ.

ಚಿಕ್ಕಪ್ಪ ರಿಜಿಸ್ಟರನ್ನು ಅವಳತ್ತ ತಳ್ಳಿದರು. “ಕೋಣೆ ನಿಂದೇ. ಏನಾಯ್ತು ಅಂತ ಬರಿ. ಯಾರು ಅಂತ ಬೇಡ, ಮನೆಯವರು.”

“ಬೆಳಿಗ್ಗೆ ನನ್ನ ಹೆಸರು ಬರೆಯೋಕೆ ಹೊರಟಾಗ ನಾನು ಮನೆಯವಳಾಗಿರಲಿಲ್ವಾ ಚಿಕ್ಕಪ್ಪ?”

ಅವಳು ಪೆನ್ನು ಒತ್ತಿ ಬರೆದಳು:

ಬೋರ್ಡಿನಲ್ಲಿ ದೋಷವಿಲ್ಲ. ಬೋರ್ಡಿನ ತೂತುಗಳು ಎಂಟು. ಕ್ಯಾಬಿನೆಟ್ಟಿನಲ್ಲಿದ್ದ ಕಂಬಗಳು ಒಂಬತ್ತು. ಹೆಚ್ಚಿನ ಕಂಬ ಬೆಸುಗೆಗೆ ತಾಗಿ ಶಾರ್ಟ್ ಆಗಿದೆ. ಕೂರಿಸಿದವರು: ಭಾವ.